ಬರುವು

ಆದೋನಿಯ ಹತ್ತಿ ಯಾರ್ಡಿನ ಎದುರು
ಜೆರಾಕ್ಸ್ ಅಂಗಡಿ. ಶಟರು ಅರ್ಧ ಇಳಿಸಿ
ರಾತ್ರಿ ಒಂಬತ್ತೂವರೆಗೆ ಶುರು ಮಾಡಿದೆ.
ಒಂದೇ ಒಂದು ಕಡತ.
ಏನಾದರೂ ಹೆಸರು ಬೇಕಿತ್ತು, ‘ಹತ್ತಿ’ ಅಂತಿಟ್ಟೆ.

ದೊಡ್ಡ ಚೌಕಟ್ಟುಗಳನ್ನೂ ನೋಡಿದ್ದೆ ಮೊದಲು:
ಇಳಿಸಿಕೊಳ್ಳಲಿಕ್ಕೇ ಮುಕ್ಕಾಲು ತಾಸು,
ಒಳಹೊಕ್ಕರೆ ವರ್ಗದೊಳಗೊಂದು ವರ್ಗ,
ಅದಕ್ಕೊಬ್ಬ ತಾಯಿ, ಆಕೆಗೊಬ್ಬ ಅಜ್ಜಿ,
ಯಾರ ಆಸ್ತಿ ಯಾರಿಗೆ ಇಳಿದು ಬಂತೆಂದು ತಿಳಿಯಲು
ಹಳೆಯ ಕರಣಂನನ್ನೇ ಎಬ್ಬಿಸಿ ತರಬೇಕು.
ಇದಕ್ಕೆ ವರ್ಗವಿಲ್ಲ, ವಾರಸಿಕೆಯಿಲ್ಲ.
ನಮಗೂ ತಾತ ಬಿಟ್ಟುಹೋದದ್ದು ಒಂದು ಕೊಂಡಿ,
ಬೋರಕ್ಕೆ ಚುಚ್ಚುವ ಉಕ್ಕಿನದು, ಹಿಡಿ ಸವೆದದ್ದು.

ಎಲ್ಲ ಸೇರಿ ಅರವತ್ತು ಕೆಬಿ.
ಊಟದ ಡಬ್ಬಿ ತಂದ ಅಪ್ಪನಿಗೆ ಹೇಳಿದೆ,
ಬಹಳ ಹಗುರ ಇದು ಅಂತ.
“ಬರುವೆಷ್ಟು?” ಅಂದ.

ಅದೇ ಬೋರಕ್ಕೆ ನಮ್ಮ ಮನೆಯಲ್ಲಿ ತೂಕ,
ದಲಾಲಿಯ ಬಾಯಲ್ಲಿ ಬರುವು,
ಮುನೀಮ ಖಾದರ್ ವಲಿಯ ಖಾತೆಯಲ್ಲಿ ವಜನು.
ಹೆಗಲಿಗೆ ಮೂರೂ ಒಂದೇ.

“ಬರುವೇ ಇಲ್ಲಪ್ಪ.”
“ಬರುವಿಲ್ಲದ್ದಕ್ಕ ಕೂಲಿ ಯಾರು ಕೊಡತಾರ, ಉರುಕುಂದೀ?”
ಅಂತ ಹೊರಗೆ ಹೋಗಿ ಬೀಡಿ ಹಚ್ಚಿದ.

ಮೊದಲ ಸಾಲಿನಲ್ಲಿ ದಾರಿ ಬರೆಯಬೇಕು:
ಯಾರಾದರೂ ‘ದರ’ ಎಂದು ಬಂದರೆ
ಯಾವ ಆಳನ್ನು ಕೂಗುವುದು.
ಆಮೇಲೆ ಆಳು ಮಾಡುವ ಕೆಲಸ, ಮೇಲಿನಿಂದ ಕೆಳಕ್ಕೆ:
ಖಾತೆ ತೆಗೆ, ತಾರೀಖು ಹುಡುಕು, ಅಂಕೆ ಎತ್ತಿಕೋ.
ಯಾರ್ಡಿನಲ್ಲಿ ನಡೆಯುವುದೂ ಹೀಗೇ.
ನೂರಾ ಹದಿನೇಳು ಎಂದು ಕೂಗಿದರೆ
ಹಿತ್ತಾಳೆ ಬಿಲ್ಲೆಯ ನೂರಾ ಹದಿನೇಳು ಏಳುತ್ತದೆ,
ಚಹಾ ಅರ್ಧಕ್ಕೆ ಬಿಟ್ಟು.
ಅದು ನಮ್ಮಪ್ಪ.

ಬರೆದೆ. ಓಡಿಸಿದೆ.
ಬಿಳೀ ಪುಟ.
ಕರಿಮಣ್ಣು ಹತ್ತದ ಮೊದಲ ಬಿಡಿಸಿನ ಹತ್ತಿಯಷ್ಟು ಬಿಳಿ.
ಕೆಂಪಗೆ ಒಂದು ದೋಷ ಬಂದಿದ್ದರೂ
ಅದರ ಜೊತೆ ಜಗಳವಾಡಬಹುದಿತ್ತು.
ಕಂಸ ಎಣಿಸಿದೆ, ಅಲ್ಪವಿರಾಮ ಎಣಿಸಿದೆ,
ಡಬ್ಬಿಯ ರೊಟ್ಟಿ ಎಣಿಸಿದೆ, ಮೂರಿದ್ದವು.
ಹನ್ನೊಂದಾಯಿತು.

ಶಟರಿನ ಕೆಳಗಿಂದ ತಲೆ ತೂರಿಸಿ ಅಪ್ಪ:
“ಏನಾತು?”
“ದರ ತರಲಿಕ್ಕೆ ಕಳಿಸೀನಿ. ಹೋಗೈತಿ, ತಗೊಂಡೈತಿ,
ಇಲ್ಲಿ ಮಾತ್ರ ಕಾಣವಲ್ಲದು.”
“ತಂದದ್ದನ್ನ ಇಳಿಸೇತೇನು?
ಹೊಸ ಹುಡುಗರು ಹಂಗ ಮಾಡತಾರ.
ಲಾರಿ ತನಕ ಬೋರ ಹೊತ್ತು ಬಂದು
ಹೊತಗೊಂಡೇ ನಿಂತಿರತಾರ.”

ಕೊನೆಯ ಸಾಲು ನೋಡಿದೆ.
‘ಮರಳಿಸು’ ಎಂಬರ್ಥದ ಇಂಗ್ಲಿಷಿನ ಆರಕ್ಷರ
ಅಲ್ಲಿರಲೇ ಇಲ್ಲ.

ಹಾಕಿದೆ. ಅಂಕೆ ಬಂತು.
ಕನ್ನಡವೆಲ್ಲ ಪ್ರಶ್ನೆಚಿಹ್ನೆ,
ಪಕ್ಕದ ತೆಲುಗೂ ಪ್ರಶ್ನೆಚಿಹ್ನೆ,
ಆ ವಿಷಯದಲ್ಲಿ ಯಂತ್ರ ಯಾರ ಪಕ್ಷವೂ ಅಲ್ಲ.
ಇಲ್ಲಿ ಎಲ್ಲ ಲಿಪಿಗೂ ಜಾಗವಿದೆ ಎಂದು ಸಾರುವ
ಒಂದು ಸಾಲು ನೆತ್ತಿಯ ಮೇಲೆ ಬರೆದರೆ
ಎರಡೂ ಒಟ್ಟಿಗೇ ಕಣ್ಣುಬಿಟ್ಟವು.

ಅಕ್ಷರ ಬಾರದ, ಅಂಕೆ ಬರುವ ಅಪ್ಪ
ಗಾಜಿನ ಮೇಲೆ ಬೆರಳಿಟ್ಟು ಅಂದ:
“ಇದು ನಿನ್ನೀದು. ಇವತ್ತು ನಲವತ್ತು ಇಳದೈತಿ.”
ತಿದ್ದಿದೆ.
ಅವನ ಬೆರಳಿನ ಗುರುತು ಹಾಗೇ ಇರಲೆಂದು ಒರೆಸಲಿಲ್ಲ,
ಒರೆಸುವ ಬಟ್ಟೆಯೂ ಇರಲಿಲ್ಲ ಅನ್ನಿ.

“ಬೋರಕ್ಕ ಹಮಾಲಿ ಎಷ್ಟು ಕೊಡತಾರಪ್ಪ ಈಗ?”
ಹೇಳಿದ, ದನಿ ತಗ್ಗಿಸಿ,
ಯಾರ್ಡಿನ ಯಾವ ಬೋರ್ಡಿನ ಮೇಲೂ ಇಲ್ಲದ ಅಂಕೆ.
ಎರಡನೆಯ ದಾರಿ ಬರೆದೆ: ‘ಹಮಾಲಿ’.
ಈ ಸಲ ಇಳಿಸುವ ಸಾಲನ್ನೇ ಮೊದಲು ಬರೆದು
ಉಳಿದದ್ದನ್ನು ಅದರ ಮೇಲೆ ಹೇರುತ್ತ ಹೋದೆ.